ಕಣ್ಣು ಕತ್ತಲಿಗೆ ಹೊಂದುವ ತನಕ

ನಮ್ಮ ಕಾಕಾನ ಉಗುರಿನ ಸಂದಿಯಲ್ಲಿ ಸದಾ ಹಸಿರು ಬೆರೆತ ಹಳದಿ ಬಣ್ಣ ಕೂತಿರುತ್ತಿತ್ತು. ಹೈದರಾಬಾದಿನಿಂದ ಉದಗೀರಕ್ಕೆ ರೈಲಿನಲ್ಲಿ ಬಂದಿಳಿದು ಎಷ್ಟು ಸಾಬೂನು ತಿಕ್ಕಿದರೂ ಅದು ಬಿಡುತ್ತಿರಲಿಲ್ಲ. "ಯಾರ ಮದವ್ಯಾಗ ಅರಿಶಿಣ ಹಚ್ಚಿ ಬಂದೀರಿ?" ಎಂದು ಕಾಕಿ ಕಾಡುತ್ತಿದ್ದಳು. ಕಾಕಾ ಕೈ ಹಿಂದೆ ಬಚ್ಚಿಟ್ಟುಕೊಂಡು ನಗುತ್ತಿದ್ದ.

ಅದು ವಿಮಾನದ ಎಂಜಿನ್ ಬಿಚ್ಚಿ ತಪಾಸಣೆ ಮಾಡುವ ಕಾರ್ಖಾನೆಯ ಬಣ್ಣ. ಗೊತ್ತುಪಡಿಸಿದಷ್ಟು ಹಾರಾಟವಾದ ಮೇಲೆ ಎಂಜಿನ್ ಒಳಗಿನ ಟರ್ಬೈನ್ ಚಕ್ರವನ್ನು ತೆಗೆದು ನೋಡಲೇಬೇಕೆಂಬುದು ಕಾಯಿದೆ. ಚಕ್ರವನ್ನು ಆ ಬಣ್ಣದಲ್ಲಿ ಅದ್ದಿ, ತೊಳೆದು, ಕತ್ತಲ ಕೋಣೆಯಲ್ಲಿ ನೇರಳೆ ದೀಪ ಹಿಡಿದರೆ ಕೂದಲೆಳೆಯಂಥ ಬಿರುಕೂ ಹೊಳೆಯುತ್ತದೆ. ಹಾಗೆ ನೋಡಿ, ಬಿರುಕಿಲ್ಲವೆಂದು ತನ್ನ ಮುದ್ರೆ ಒತ್ತುವುದು ಕಾಕಾನ ಕೆಲಸ. ಆದರೆ ಮೊದಲು, ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ಮನೆ ಕೂರಬೇಕು. ಅದೂ ಕಾಯಿದೆಯೇ. "ಒಳಗ ಹೋದ ಕೂಡ್ಲೆ ನೋಡಿದ್ರ ಕಣ್ಣು ಸುಳ್ಳ ಹೇಳ್ತಾವ," ಎನ್ನುತ್ತಿದ್ದ. ಅಷ್ಟು ಹೊತ್ತು ಏನು ಮಾಡುತ್ತೀ ಎಂದು ಕೇಳಿದರೆ, "ನಿಮ್ಮ ಕಾಕಿ ಮಾಡೋ ಹುಗ್ಗಿ ನೆನಸ್ತೀನಿ," ಎನ್ನುವನು.

ತೊಂಬತ್ತಮೂರರಲ್ಲಿ ನಮ್ಮ ಸೀಮೆಯಲ್ಲಿ ಭೂಕಂಪವಾದ ನಸುಕಿನಲ್ಲಿ ಇಬ್ಬರೂ ಉಮರ್ಗಾದ ಕಡೆ, ಕಾಕಿಯ ತವರಿನಲ್ಲಿದ್ದರು. ಕಲ್ಲು ಮಣ್ಣಿನ ಮಾಳಿಗೆ ಇಬ್ಬರ ಮೇಲೂ ಕುಸಿಯಿತು. ಜನ ಕಾಕಾನನ್ನು ಜೀವಂತ ಹೊರಗೆಳೆದರು. ಅದಕ್ಕೂ ಮೊದಲು ಒಳಗೆ ಕತ್ತಲಲ್ಲಿ ಕಾಕಿ ಬಹಳ ಹೊತ್ತು ಅವನನ್ನು ಕರೆಯುತ್ತಿದ್ದಳಂತೆ. ಕಲ್ಲಿನಡಿ ಸಿಕ್ಕಿದ್ದ ಅವನಿಗೆ ಹೋಗಲಾಗಲಿಲ್ಲ. ಆಮೇಲೆ ಕರೆಯಲಿಲ್ಲ.

ಗಾಯ ಮಾಗಿದ ಮೇಲೆ ಕಾಕಾ ಕೆಲಸಕ್ಕೆ ಮರಳಿದ. ಅವನಿಗೆ ಉಳಿದದ್ದು ಅದೊಂದೇ. ಕೆಲವು ತಿಂಗಳಲ್ಲೇ ಒಂದು ದಿನ ಹೇಳದೆ ಕೇಳದೆ ಉದಗೀರಕ್ಕೆ ಬಂದು ನಮ್ಮ ಬಾಗಿಲಲ್ಲಿ ಕೂತ. ಅವ್ವ ಚಹಾ ಕೊಟ್ಟು ವಿಚಾರಿಸಿದಳು.

"ವೈನಿ, ಕತ್ತಲಾಗ ಕೂತ್ರ ಆಕಿ ಕರೀತಾಳ್ರೀ. ಮೊನ್ನಿ ಕೂಡ್ಲಿಕ್ಕೇ ಆಗಲಿಲ್ಲ. ಹೋದ ಕೂಡ್ಲೆ ದೀಪಾ ಹಿಡದು, ನೋಡಿದಂಗ ಮಾಡಿ, ಮುದ್ರಿ ಒತ್ತಿ ಹೊರಗ ಓಡಿ ಬಂದೆ."

ಹೊರಗೆ ಬಂದು ಊಟದ ಡಬ್ಬಿ ಬಿಚ್ಚಿದವನು ಹಾಗೇ ಮುಚ್ಚಿಟ್ಟನಂತೆ. ನೇರ ಸಾಹೇಬರ ಹತ್ತಿರ ಹೋಗಿ, ನನ್ನ ಮುದ್ರೆ ನಂಬಬೇಡಿ, ಆ ಚಕ್ರ ಮತ್ತೆ ನೋಡಿಸಿ ಎಂದು ತಾನೇ ಹೇಳಿದ. ಬೇರೊಬ್ಬರು ನೋಡಿದರು. ಬಿರುಕಿರಲಿಲ್ಲ. ಕಾಕಾನ ಮುದ್ರೆಯನ್ನು ಮಾತ್ರ ವಾಪಸು ತೆಗೆದುಕೊಂಡರು.

ಅವ್ವ ಹಣೆ ಬಡಿದುಕೊಂಡಳು. "ಬಿರಕ ಇರಲಿಲ್ಲಲ್ಲೋ ನಮ್ಮಪ್ಪಾ! ಬಾಯಿ ಯಾಕ ಬಿಟ್ಟಿ?"

"ಇರಲಿಲ್ಲ ಅಂಬೋದು ಈಗ ಗೊತ್ತಾಗ್ಯದ, ವೈನಿ. ನಾ ಮುದ್ರಿ ಒತ್ತಿದಾಗ ಗೊತ್ತಿರಲಿಲ್ಲ."

ನಿವೃತ್ತಿಯ ತನಕ ಅವನು ಅದೇ ಕಾರ್ಖಾನೆಯ ಉಗ್ರಾಣದ ಕಿಟಕಿಯಲ್ಲಿ ಕೂತು ಪಾನಾ, ಸ್ಕ್ರೂಡ್ರೈವರ್ ಎಣಿಸಿ ಕೊಟ್ಟ. ಉಗುರುಗಳು ಬೆಳ್ಳಗಾದವು. ಕೊನೆಗಾಲಕ್ಕೆ ಉದಗೀರದಲ್ಲಿ ನಮ್ಮ ಜೊತೆಗೇ ಇದ್ದ. ಮಲಗುವಾಗಲೂ ದೀಪ ಆರಿಸಗೊಡುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕುಣಿಯ ಗೂಡಿನಲ್ಲಿ ಕೂರಿಸಿದರು. ಎಲ್ಲರೂ ಹಿಡಿ ಮಣ್ಣು ಹಾಕಿದರು. ನನ್ನ ಕೈ ಏಳಲಿಲ್ಲ. ಭೂಕಂಪವಾದಾಗಿನಿಂದ ಕತ್ತಲಿಗೆ ಅಂಜಿದವನನ್ನು ನಾವೇ ಒಳಗಿಟ್ಟು ಮುಚ್ಚುವುದು ಹೇಗೆ?

ಅವ್ವ ನನ್ನ ಮೊಣಕೈ ಹಿಡಿದಳು. "ಹಾಕು, ಅಳಬ್ಯಾಡ. ಇನ್ನ ಆಕಿ ಕರದ್ರ ಅಂವಾ ಹೋಗಬಹುದು."