ಮಾಸ್ಟರ್ ನುಂಗಿದ ಮಾತ್ರೆ

ದರ್ಜಿ ಅಂಗಡಿಯಲ್ಲಿ ಕತ್ತರಿ ಮಾಸ್ಟರದು, ಹೊಲಿಗೆ ಹೆಂಡತಿಯದು. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು. ಒಂದು ದಿನ ಅವಳು ಅಂಗಿಗೆ ತೋಳು ಕೂಡಿಸಲು ಹೋದರೆ ಎರಡೂ ಎಡಗೈಯವು. ಬಟ್ಟೆಯನ್ನು ಹೊರಮೈ ಒಳಗಾಗುವಂತೆ ಮುಖಕ್ಕೆ ಮುಖ ಸೇರಿಸಿ ಮಡಚಿ ಕತ್ತರಿಸಿದರೆ ಎಡಬಲದ ಜೋಡಿ ತಾನಾಗಿ ಬರುತ್ತದೆ. ಮಾಸ್ಟರ್ ಎರಡರ ಮುಖವೂ ಮೇಲಾಗಿ ಒಂದರ ಮೇಲೊಂದು ತುಂಡು ಹಾಸಿ ಕತ್ತರಿ ಆಡಿಸಿಬಿಟ್ಟಿದ್ದರು.

"ಇದೇನ್ರೀ, ಗಿರಾಕಿಗೆ ಬಲಗೈ ಇಲ್ವಾ?"

"ಇದ್ದಿರಬೇಕು," ಎಂದರು ಮಾಸ್ಟರ್.

ಇಬ್ಬರೂ ನಗಲಿಲ್ಲ. ಸ್ವಲ್ಪ ದಿನಕ್ಕೆ ಮತ್ತೆ ಹಾಗೇ ಆಯಿತು. ಡಾಕ್ಟರು ಪರೀಕ್ಷೆ ಮಾಡಿ, ಮರೆವು ಶುರುವಾಗಿದೆ ಎಂದರು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ತಮ್ಮ ಕೋಲೀನ್ ಮಾತ್ರೆಯ ಡಬ್ಬಿ ತಂದ.

"ಭಾವ, ನೆನಪಿಗೆ ಮೆದುಳಲ್ಲಿ ಒಂದು ರಾಸಾಯನಿಕ ಬೇಕು. ಅದು ತಯಾರಾಗೋಕೆ ಕೋಲೀನ್ ಬೇಕು. ಮೊಟ್ಟೇಲೂ ಇರುತ್ತೆ."

"ಮೊಟ್ಟೇನೇ ತಂದಿದ್ರೆ ಆಗ್ತಿತ್ತಲ್ಲೋ," ಎಂದರು ಮಾಸ್ಟರ್. ಆಮೇಲೆ ಮೆಲ್ಲಗೆ, "ಇದು ತಿಂದ್ರೆ ಕತ್ತರಿ ನನ್ನ ಕೈಲೇ ಉಳಿಯುತ್ತಾ?" ಎಂದು ಕೇಳಿದರು.

"ಖಂಡಿತ ಅಂತ ಯಾರೂ ಹೇಳಲ್ಲ ಭಾವ. ದಿನಕ್ಕೆ ಒಂದು ತಗೊಳ್ಳಿ, ನೋಡೋಣ."

ಡಬ್ಬಿ ಮಾಸ್ಟರ್ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪಕ್ಕ ಕೂತಿತು.

ಕೆಲವು ದಿನ ಕಳೆದ ಮೇಲೆ ಅಂಗಡಿಯಲ್ಲಿ ಮೀನಿನ ವಾಸನೆ. ಅವಳು ಚಿಂದಿಯ ರಾಶಿ ಕೆದಕಿದಳು, ಮೋರಿಗೆ ನೀರು ಸುರಿದಳು. ಅಳತೆ ಕೊಡಲು ಬಂದ ಗಿರಾಕಿ ಕೇಳಿಯೇಬಿಟ್ಟ: "ಏನ್ ಮಾಸ್ಟರ್, ಮೀನಿನ ವ್ಯಾಪಾರಾನೂ ಇಟ್ಕೊಂಡ್ರಾ?" ಅವನು ಹೋದ ಮೇಲೆ ಅವಳು ಗಂಡನ ಹತ್ತಿರ ಬಂದು ನಿಂತಳು. ವಾಸನೆ ಅವರ ಮೈಯಿಂದಲೇ ಬರುತ್ತಿತ್ತು.

ತಮ್ಮ ಬಂದು ಡಬ್ಬಿ ಅಲ್ಲಾಡಿಸಿದ. ಸದ್ದೇ ಇಲ್ಲ. "ಅಕ್ಕಾ, ಇದು ಇನ್ನೂ ಅರ್ಧಕ್ಕಿಂತ ಜಾಸ್ತಿ ಇರಬೇಕಿತ್ತು. ಮಿತಿ ಮೀರಿದ್ರೆ ಬೆವರು ಹೀಗೆ ನಾರುತ್ತೆ."

"ಬೆಳಿಗ್ಗೆ ಒಂದು ತಗೊಂಡೆ, ಅಷ್ಟೇ," ಎಂದರು ಮಾಸ್ಟರ್.

ಅವರು ಸುಳ್ಳು ಹೇಳಿರಲಿಲ್ಲ. ನುಂಗಿದ್ದನ್ನು ಮರೆತು ಮತ್ತೆ ನುಂಗಿದಾಗಲೆಲ್ಲ ಅದು ಅವರಿಗೆ ಬೆಳಗಿನ ಮಾತ್ರೆಯೇ.

ತಮ್ಮ ತಂದುಕೊಟ್ಟ ಹೊಸ ಡಬ್ಬಿಯನ್ನು ಅವಳು ತನ್ನ ಮಿಷನ್ನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ವಾಸನೆ ಹೋದ ಮೇಲೆ, ಡಾಕ್ಟರನ್ನು ಕೇಳಿ, ದಿನಾ ತಾನೇ ಕೊಡತೊಡಗಿದಳು. ಮೊದಲ ದಿನ ಮಾಸ್ಟರ್ ಮಾತ್ರೆ ನುಂಗಿ, ನೀರು ಕುಡಿದು, ಖಾಲಿ ಅಂಗೈಯನ್ನೇ ನೋಡುತ್ತ ಕೂತರು.

"ಈಗ ತಗೊಂಡ್ನಾ?"

"ತಗೊಂಡ್ರಿ."

ಅವರು ಎದ್ದು ತಮ್ಮ ಮೇಜಿನ ಕತ್ತರಿ ತಂದು, ಹಿಡಿ ಅವಳ ಕಡೆಗಿರುವಂತೆ ಅವಳ ಮುಂದಿಟ್ಟರು.

"ಮುಖಕ್ಕೆ ಮುಖ ಸೇರಿಸ್ಬೇಕು."

"ಗೊತ್ತು ರೀ."

ಅವಳು ಬಟ್ಟೆ ಮಡಚಿದಳು. ಅವರು ಗುಂಡಿಯ ಡಬ್ಬಿ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದರು.