ಏಕಾದಶಿಯ ದಿನ ಹೋದ ಬಾರು

ಅಂದು ಏಕಾದಶಿ. ನನ್ನ ಹೆಂಡತಿಯ ತಮ್ಮನ ಮಗಳ ಮದುವೆ ಮುಗಿದು ಎರಡು ದಿನವಾಗಿತ್ತು. ನಾವಿನ್ನೂ ಮೈಸೂರಿಗೆ ಹೊರಟಿರಲಿಲ್ಲ, ಚೆನ್ನೈನ ನುಂಗಂಬಾಕ್ಕಂನಲ್ಲಿದ್ದ ಅವನ ಮನೆಯಲ್ಲೇ ಇದ್ದೆವು. ನನ್ನದು ನೀರೂ ಮುಟ್ಟದ ಉಪವಾಸ. ನನ್ನ ಹೆಂಡತಿ ಬಿಪಿ ಮಾತ್ರೆ ಶುರುವಾದ ಮೇಲೆ ಹಣ್ಣು, ಪಾನಕ ತೆಗೆದುಕೊಳ್ಳುತ್ತಿದ್ದಳು. ಮಧ್ಯಾಹ್ನ ಮಕ್ಕಳಿಗೆಂದು ಸಾಂಬಾರಿಗೆ ಒಗ್ಗರಣೆ ಬಿತ್ತು.

"ರೀ, ಈ ವಾಸನೇಲಿ ಕೂತಿರೋದು ಬೇಡ, ಬನ್ನಿ" ಎಂದಳು.

ಕರೆದುಕೊಂಡು ಹೋದದ್ದು ಹಳೆಯ ಹೋಟೆಲೊಂದರ ಬಾರಿಗೆ. ಅವಳು ಬೆಳೆದದ್ದು ಈ ಊರಲ್ಲೇ. ಕಾಲೇಜಿನ ಬಸ್ಸು ದಿನವೂ ಆ ಗೇಟಿನ ಮುಂದೆ ಹೋಗುತ್ತಿತ್ತಂತೆ. ಒಳಗೆ ಕಾಲಿಟ್ಟಿರಲಿಲ್ಲ.

ಗುಂಡನೆಯ ಕೋಣೆ. ಸುತ್ತ ತೇಗದ ಕಂಬಗಳು, ಬಾಗಿದ ಬೀಟೆಮರದ ಕೌಂಟರು, ಅದರ ಪಕ್ಕದಲ್ಲಿ ಸುತ್ತಿ ಏರುವ ಕಬ್ಬಿಣದ ಮೆಟ್ಟಿಲು, ಮೇಲೆ ಬಣ್ಣದ ಗಾಜಿನ ಗುಮ್ಮಟ. ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತನಾದವನು ನಾನು. ಅಷ್ಟು ಭಾರ ಆ ತೆಳು ಕಂಬಗಳ ಮೇಲೆ ಹೇಗೆ ನಿಂತಿದೆ ಎಂದು ನೋಡುತ್ತ ಕೂತೆ. ಅವಳು ಕೌಂಟರಿನವನ ಹತ್ತಿರ ತಮಿಳಿನಲ್ಲಿ ಏನೋ ಹೇಳುತ್ತಿದ್ದಳು. ಬಹಳ ಹೊತ್ತು ಹೇಳಿದಳು. ನಾನು ಕಿವಿಗೊಡಲಿಲ್ಲ.

"ಆಚಾರ್ರೇ, ಏಕಾದಶಿ ದಿನ ಬಾರಲ್ಲಿ ಕೂತಿದೀರಿ."

"ಕರ್ಕೊಂಡು ಬಂದವಳು ನೀನೇ."

"ಉಪವಾಸದವರಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಊಟಕ್ಕೆ ಏಳಿ ಅಂತ ಯಾರೂ ಜೀವ ತಿನ್ನಲ್ಲ."

ಅವಳಿಗೆ ಉದ್ದನೆಯ ಲೋಟ ಬಂತು. ಮದ್ಯ ಇಲ್ಲದ್ದು, ಕಂದುಗೆಂಪು ಬಣ್ಣ, ಮೇಲೊಂದು ಹಸಿರೆಲೆ. ಒಂದು ಗುಟುಕು ಕುಡಿದು ಕಣ್ಣರಳಿಸಿದಳು. ಲೋಟವನ್ನು ನನ್ನ ಕಡೆಗೆ ಸರಿಸಿ, "ಒಂದೇ ಒಂದು ಗುಟುಕು ರೀ, ನಾನು ಹೇಳಿ ಮಾಡಿಸಿದ್ದು" ಎಂದಳು.

"ನಾಳೆ ಪಾರಣೆ ಆಗಲಿ. ಸಂಜೆ ಬಂದು ಕುಡಿಯೋಣ."

"ನಿಮ್ಮ ಲೆಕ್ಕದಲ್ಲಿ ಎಲ್ಲಾ ನಾಳೇನೆ" ಎಂದು ಲೋಟ ವಾಪಸು ಎಳೆದುಕೊಂಡಳು. ಸಿಟ್ಟೇನೂ ಇರಲಿಲ್ಲ.

ಮರುದಿನ ಬೆಳಗ್ಗೆ ಪಾರಣೆಗೆ ಎಲೆ ಹಾಕುವ ಮೊದಲೇ ಅವಳು ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ವರ್ಷಾಬ್ದಿಕ ಕಳೆದ ಮೇಲೆ ಚೆನ್ನೈಗೆ ಹೋದಾಗ ಒಬ್ಬನೇ ಆ ಬಾರಿಗೆ ಹೋದೆ. ಉಪವಾಸದ ದಿನವಲ್ಲವೆಂದು ಪಂಚಾಂಗ ನೋಡಿಕೊಂಡೇ ಹೋಗಿದ್ದೆ. ಕೌಂಟರಿನಲ್ಲಿ ಬೇರೆಯವನಿದ್ದ. ಮೊದಲಿನವನು ಕೆಲಸ ಬಿಟ್ಟು ದುಬೈಗೆ ಹೋಗಿದ್ದಾನಂತೆ. ನಾನು ಬಣ್ಣ ಹೇಳಿದೆ, ಎಲೆ ಹೇಳಿದೆ.

"ಕಾರ್ಡುಲ ಇಲ್ಲ ಸಾರ್. ಉಳ್ಳೆ ಎನ್ನ ಪೋಟ್ಟಾಂಗ?" ಎಂದ. ಅದು ಅವರ ಪಟ್ಟಿಯಲ್ಲಿಲ್ಲವಂತೆ, ಒಳಗೆ ಏನೇನು ಹಾಕಿದ್ದರು ಎಂದು ಕೇಳುತ್ತಿದ್ದ. ನನಗೆ ಗೊತ್ತಿರಲಿಲ್ಲ.

ಅವನು ಬೇಸರಪಡಲಿಲ್ಲ. ನನ್ನಾರಿ ಬೇರಿನ ಶರಬತ್ತಿಗೆ ನಿಂಬೆ, ಶುಂಠಿ ಸೇರಿಸಿ ಒಂದು ಲೋಟ ಮಾಡಿಕೊಟ್ಟ. ಹುಣಸೆ, ಬೆಲ್ಲ ಹಾಕಿ ಇನ್ನೊಂದು. ಎರಡೂ ಕಂದುಗೆಂಪಾಗಿಯೇ ಇದ್ದವು. ಎರಡನ್ನೂ ಪೂರ್ತಿ ಕುಡಿದೆ. ಎರಡೂ ಚೆನ್ನಾಗಿದ್ದವು.

"ಇದಾ ಸಾರ್? ಅದಾ?"

ಅವಳು ಮಾಡಿಸಿದ್ದರ ರುಚಿ ನನಗೆ ಗೊತ್ತಿಲ್ಲ.