ಉಗುರು ಸವೆದ ಬೆರಳು

ರಾಯದುರ್ಗದ ಮೇಷ್ಟ್ರ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ ಎನ್ನಬೇಕು. ಇದ್ದದ್ದು ಅರ್ಧ ಅವರೆಬೇಳೆಯಷ್ಟು. ತುದಿಯ ಚರ್ಮ ಸವೆದು ಮಿರಮಿರ ಹೊಳೆಯುತ್ತಿತ್ತು. ಅಕ್ಷರ ಕಲಿಯುವ ಪ್ರತಿ ಮಗುವಿಗೂ ಅವರು ಕುಕ್ಕರಗಾಲಲ್ಲಿ ಕೂತು, ಮರಳಿನ ಮೇಲೆ ತಮ್ಮ ಬೆರಳಿಂದ ಹೊಸದಾಗಿ ಬರೆದು ತಿದ್ದಿಸುತ್ತಿದ್ದರು. ನಾನಾಗಿದ್ದರೆ ನಿಂತಲ್ಲಿಂದಲೇ ಬೆತ್ತದ ತುದಿಯಲ್ಲಿ ಗೀಚುತ್ತಿದ್ದೆ.

ಆಗ ಮದ್ರಾಸು ಸರ್ಕಾರ. ಅಮರಾಪುರದ ಆಚೆಯ ಹಳ್ಳಿಯೊಂದರ ಬೋರ್ಡ್ ಸ್ಕೂಲಿನಲ್ಲಿ ನಾವಿಬ್ಬರೇ ಮೇಷ್ಟ್ರುಗಳು. ಟ್ರೇನಿಂಗ್ ಆದ ನನಗೆ ಮೂರರಿಂದ ಐದನೇ ಕ್ಲಾಸು. ಟ್ರೇನಿಂಗ್ ಇಲ್ಲದ ಅವರಿಗೆ ಒಂದು, ಎರಡು. ಅವರದು ಟೆಂಪರ್ವರಿ ಕೆಲಸ, ಇನ್‌ಸ್ಪೆಕ್ಟರು ಬರೆಯುವ ಒಂದು ಸಾಲಿನ ಮೇಲೆ ನಿಂತದ್ದು. ನಮ್ಮ ನಡುವೆ ಬಿದಿರ ತಡಿಕೆ. ಮಧ್ಯಾಹ್ನ ಮುದ್ದೆ ಉಂಡು ಬಂದು ನನ್ನೆದುರು ತೂಕಡಿಸುವ ಮಕ್ಕಳು, ಆಚೆ ನಗು ಕೇಳಿದರೆ ಎಚ್ಚೆತ್ತು ತಡಿಕೆಯ ಸಂದಿಗೆ ಕಣ್ಣಿಡುತ್ತಿದ್ದವು. ನಾನು ಬೆತ್ತದಿಂದ ತಡಿಕೆಗೆ ಬಡಿಯುತ್ತಿದ್ದೆ.

ಎಲ್ಲಕ್ಕಿಂತ ಉರಿಸಿದ್ದು ಮಾತು. ನಮ್ಮ ಕಡೆಯ ಮಕ್ಕಳು "ಹೂಂ ಸಾ" ಅನ್ನುವವು. ಅವರು ಬಂದ ಮೂರೇ ತಿಂಗಳಿಗೆ ನನ್ನ ಕ್ಲಾಸಿನವೂ "ಹೌದ್ರಿ" ಅನ್ನತೊಡಗಿದವು.

"ಹೌದ್ರಿ ಅಂತೆ! ನೀನೇನು ರಾಯದುರ್ಗದಾಗೆ ಹುಟ್ಟಿದ್ದೇನ್ಲಾ?" ಎಂದು ಒಬ್ಬನ ಕಿವಿ ಹಿಂಡಿದೆ.

"ಇಲ್ರಿ" ಅಂದ.

ಕುರಿಗಳ ಉಣ್ಣೆ ಕತ್ತರಿಸುವ ವಾರ ಸ್ಕೂಲು ಖಾಲಿ. ದೊಡ್ಡವರು ಕತ್ತರಿ ಆಡಿಸುವಾಗ ಕುರಿಯ ಕಾಲು ಅದುಮಿ ಹಿಡಿಯುವುದು ಮಕ್ಕಳ ಕೆಲಸ. ನಾನು ಮನೆಮನೆಗೆ ಹೋಗಿ ಬೈದು ಬರುತ್ತಿದ್ದೆ, ಯಾರೂ ಕಳಿಸುತ್ತಿರಲಿಲ್ಲ. ಆ ವರ್ಷ ಅವರು ಜರಡಿ ಹಿಡಿದ ಮರಳನ್ನು ಮೊರಕ್ಕೆ ತುಂಬಿ ತಲೆಯ ಮೇಲಿಟ್ಟುಕೊಂಡರು.

"ಕುರಿಹಟ್ಟಿಗೇ ಹೊಂಟೀನ್ರಿ. ಒಂದು ಕುರಿ ಬಿಟ್ಟು ಇನ್ನೊಂದು ಹಿಡಿಯೂದ್ರೊಳಗ ಒಂದಕ್ಷರ ತಿದ್ದಿಸಿದ್ರಾತು. ಯಾರರ ಕೇಳಿದ್ರ ಹೇಳ್ರಿ."

"ಮರಳು ಹೊರಾಕೆ ಮೇಷ್ಟ್ರು ಯಾಕೆ, ಕತ್ತೆ ಸಾಕಲ್ವಾ?"

"ಕತ್ತೆಗೆ ಅ ಆ ಬರಂಗಿಲ್ಲಲ್ರೀ" ಎಂದು ನಗುತ್ತ ಹೋದರು.

ಅವತ್ತೇ, ಸುದ್ದಿಯಿಲ್ಲದೆ, ಇನ್‌ಸ್ಪೆಕ್ಟರ ಗಾಡಿ ಬಂತು. ನನ್ನೆದುರು ಏಳು ಮಕ್ಕಳು. ತಡಿಕೆಯಾಚೆ ಒಂದು ನೊಣವೂ ಇಲ್ಲ. ಎರಡನೇ ಮೇಷ್ಟ್ರು ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು. ಹಟ್ಟಿ ಕೂಗಳತೆಯಲ್ಲಿತ್ತು. ಕುರಿಗಳ ಅರಚಾಟ ನಮಗೆ ಕೇಳಿಸುತ್ತಲೇ ಇತ್ತು.

"ತೆಲಿಯದಂಡಿ" ಅಂದೆ. ಗೊತ್ತಿಲ್ಲ ಅಂದುಬಿಟ್ಟೆ.

'ರಜೆಯಿಲ್ಲದೆ ಗೈರುಹಾಜರು' ಎಂದು ವಿಸಿಟ್ ಬುಕ್ಕಿನಲ್ಲಿ ಬರೆದು ಅವರು ಹೊರಟರು. ಸಂಜೆ ಮೇಷ್ಟ್ರು ಮೀಸೆಗೆಲ್ಲ ಉಣ್ಣೆ ಮೆತ್ತಿಕೊಂಡು, ಹಿಂದೆ ಮಕ್ಕಳ ಸಾಲು ಕಟ್ಟಿಕೊಂಡು ಬಂದರು. ಬುಕ್ಕು ನೋಡಿದರು.

"ನಿಮಗ ಹೇಳೇ ಹೋಗಿದ್ನಲ್ರೀ?"

"ಗಾಬರಿನಾಗೆ ಮರ್ತೋಯ್ತು."

ಬುಕ್ಕು ಮುಚ್ಚಿಟ್ಟರು. "ಇರ್ಲಿ ಬಿಡ್ರಿ. ಸಾಹೇಬ್ರ ಮುಂದ ನನಗೂ ಬಾಯಿ ಒಣಗತೈತಿ."

ತಿಂಗಳೊಳಗೆ ಆರ್ಡರ್ ಬಂತು, ಅವರ ಕೆಲಸ ಹೋಯಿತು. ಹೊರಡುವಾಗ ಮೊರವನ್ನು ನನ್ನ ಮೇಜಿನ ಮೇಲಿಟ್ಟರು. "ವಾರಕ್ಕೊಮ್ಮೆ ಜರಡಿ ಹಿಡೀರಿ. ಹಳ್ಳು ಕಲ್ಲು ಸೇರಿದ್ರ ಹುಡುಗರ ಬೆರಳಿಗೆ ಚುಚ್ಚತಾವ."

ಒಂದನೇ ಕ್ಲಾಸೂ ನನ್ನ ಪಾಲಿಗೆ ಬಂತು. ಮೊದಲ ದಿನ ಬೆತ್ತದಿಂದ ಬರೆದರೆ ಒಂದು ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. "ಕೋಲು ಬ್ಯಾಡ್ರಿ. ಬೆರಳಾಗೆ ಬರೀರಿ."

ಕುಕ್ಕರಗಾಲಲ್ಲಿ ಕೂತೆ. ಮಂಡಿ ಲಟಕ್ಕೆಂದಿತು. ಅಂದು ಕೂತವನು ಇಂದಿಗೂ ಕೂರುತ್ತಿದ್ದೇನೆ. ಉಣ್ಣೆಯ ವಾರ ಬಂದರೆ ಮೊರ ಹೊತ್ತು ಹಟ್ಟಿಗೆ ಹೋಗುತ್ತೇನೆ.

ಅವರು ತೀರಿಕೊಂಡ ಸುದ್ದಿಯನ್ನು ರಾಯದುರ್ಗದಿಂದ ಬಂದ ಅವರ ಸೋದರಳಿಯ ಹೇಳಿದ. ಕೊನೆಯವರೆಗೂ ಮನೆಯ ಜಗಲಿಯ ಮೇಲೆ ಓಣಿಯ ಮಕ್ಕಳಿಗೆ ತಿದ್ದಿಸುತ್ತಿದ್ದರಂತೆ. "ನಿಮ್ಮನ್ನ ಭಾಳ ನೆನೀತಿದ್ರು. ಮರಳು ಅವ್ರ ಕೈಯಾಗ ಬಿಟ್ಟು ಬಂದೀನಿ, ಚಿಂತಿಲ್ಲ ಅಂತಿದ್ರು" ಎಂದ. ನಾನು ಮಾಡಿದ್ದನ್ನು ಅವನಿಗೆ ಹೇಳಲಾಗಲಿಲ್ಲ.

ನನ್ನ ತೋರುಬೆರಳಿನ ಉಗುರೂ ಈಗ ಅರ್ಧ ಅವರೆಬೇಳೆಯಷ್ಟೇ ಉಳಿದಿದೆ. ಹೊಟ್ಟೆಕಿಚ್ಚು ಮಾತ್ರ ಸವೆದಿಲ್ಲ. ಅವತ್ತು ನಾನು ಹಟ್ಟಿಯಲ್ಲಿದ್ದು ಅವರು ಸ್ಕೂಲಿನಲ್ಲಿದ್ದಿದ್ದರೆ, ಒಣಗಿದ ಬಾಯಲ್ಲೇ "ಬರ್ರಿ ಸಾಹೇಬ್ರ, ತೋರಿಸ್ತೀನಿ" ಎಂದು ಇನ್‌ಸ್ಪೆಕ್ಟರನ್ನು ನನ್ನ ಬಳಿಗೆ ಕರೆತರುತ್ತಿದ್ದರು.